ಸಾರಣೆಯ ಮೀಮಾಂಸೆ: ರಾಯಚೂರು ಸೀಮೆಯ ಗೋಡೆಬಣ್ಣಗಳಲ್ಲಿ ತೆಳುಪದರದ ಕಲೆ

ಪೀಠಿಕೆ

ಹಬ್ಬಹರಿದಿನಗಳು ಸಮೀಪಿಸಿದಾಗ ಹಳ್ಳಿಯ ಮನೆಗಳಲ್ಲಿ ನಡೆಯುವ ಕೆಲಸವನ್ನು ಕನ್ನಡ ನುಡಿಯು 'ಸಾರಣೆ ಕಾರಣೆ' ಎಂಬ ಜೋಡುಪದದಿಂದ ಗುರುತಿಸುತ್ತದೆ. ಸಾರಣೆಯೆಂದರೆ ನೆಲ, ಗೋಡೆಗಳಿಗೆ ಸಗಣಿ, ಮಣ್ಣು, ಸುಣ್ಣಗಳನ್ನು ಬಳಿಯುವುದು. ಕಾರಣೆಯೆಂದರೆ ಹಾಗೆ ಬಳಿದ ಮೈಯ ಮೇಲೆ ಕೆಮ್ಮಣ್ಣಿನಿಂದ ಪಟ್ಟಿ, ಗೆರೆ, ಆಕೃತಿಗಳನ್ನು ಎಳೆಯುವುದು. ಒಂದು ಪದರದ ಕೆಲಸ, ಇನ್ನೊಂದು ರೇಖೆಯ ಕೆಲಸ. ನುಡಿಯು ಇವೆರಡನ್ನೂ ಒಂದೇ ಉಸಿರಿನಲ್ಲಿ, ಸರಿಸಮಾನವಾಗಿ ಹೇಳುತ್ತದೆ. ಆದರೆ ಜನಪದ ಚಿತ್ರಕಲೆಯನ್ನು ಕುರಿತ ನಮ್ಮ ಅಧ್ಯಯನಗಳು ಈ ಸಮಾನತೆಯನ್ನು ಪಾಲಿಸಿಕೊಂಡು ಬಂದಿಲ್ಲ. ಕಾರಣೆಯು ಆಶಯ, ಸಂಕೇತ, ವಿನ್ಯಾಸಗಳ ಹೆಸರಿನಲ್ಲಿ ವಿಸ್ತಾರವಾದ ಚರ್ಚೆಗೆ ಒಳಗಾಗಿದೆ. ಸಾರಣೆಯಾದರೋ ಚಿತ್ರಕ್ಕೆ ಮುಂಚಿನ ಸಿದ್ಧತೆ, ಮನೆಗೆಲಸದ ಒಂದು ಭಾಗ ಎಂಬಷ್ಟಕ್ಕೇ ನಿಂತಿದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯ, ಅದರಲ್ಲಿಯೂ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಭಾಗದ ಗೋಡೆಬಣ್ಣಗಳನ್ನು ಮುಂದಿಟ್ಟುಕೊಂಡು ಈ ಅಸಮತೋಲವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತೆಳುವಾದ, ಅಲ್ಲಲ್ಲಿ ಹರಿದು ನಿಲ್ಲುವ ಬಣ್ಣದ ಪದರಗಳಿಂದ ಕೆಳಗಿನ ಬಣ್ಣವನ್ನು ಮೃದುಗೊಳಿಸುವ ಕ್ರಮವು ಜಗತ್ತಿನ ಶಿಷ್ಟ ಚಿತ್ರಕಲೆಯಲ್ಲಿ ಒಂದು ಗೌರವದ ತಂತ್ರವೆನಿಸಿದೆ. ಅದೇ ಗುಣವು ಮಣ್ಣಿನ ಗೋಡೆಯ ಮೇಲೆ ಕಂಡಾಗ ಅದನ್ನು 'ಮಾಸಿದ ಬಣ್ಣ' ಎಂದು ಕರೆಯಲಾಗುತ್ತದೆ. ಈ ಇಬ್ಬಗೆಯ ಅಳತೆಗೋಲಿನ ಕಾರಣಗಳನ್ನೂ ಪರಿಣಾಮಗಳನ್ನೂ ವಿಚಾರಿಸುವುದು ಇಂದಿನ ಅಗತ್ಯವಾಗಿದೆ.

ಸವರುಪದರ: ಪರಿಭಾಷೆ ಮತ್ತು ಸ್ವರೂಪ

ತೈಲವರ್ಣದ ಪರಂಪರೆಯಲ್ಲಿ ಈ ತಂತ್ರವನ್ನು 'ಸ್ಕಂಬ್ಲಿಂಗ್' ಎನ್ನುತ್ತಾರೆ. ಕೆಳಗಿನ ಬಣ್ಣ ಒಣಗಿದ ಮೇಲೆ, ಬಹುಮಟ್ಟಿಗೆ ಒಣಗಿದ ಕುಂಚದಿಂದ, ಅಪಾರದರ್ಶಕವಾದ ತಿಳಿಬಣ್ಣವನ್ನು ತೆಳ್ಳಗೆ ಎಳೆದುಬಿಡುವುದು ಇದರ ಕ್ರಮ. ಮೇಲಿನ ಬಣ್ಣವು ಮೈಯ ಉಬ್ಬುಗಳನ್ನು ಹಿಡಿದು ತಗ್ಗುಗಳನ್ನು ಬಿಡುತ್ತದೆ. ಬಿಟ್ಟ ಎಡೆಗಳಲ್ಲಿ ಕೆಳಗಿನ ಬಣ್ಣ ಇಣುಕುತ್ತದೆ. ನೋಡುವ ಕಣ್ಣು ಎರಡನ್ನೂ ಕೂಡಿಸಿ ಮೂರನೆಯ ಬಣ್ಣವೊಂದನ್ನು ಕಾಣುತ್ತದೆ. ವೆನಿಸ್‌ನ ಟಿಷಿಯನ್, ಇಂಗ್ಲೆಂಡಿನ ಟರ್ನರ್ ಮೊದಲಾದವರ ಚಿತ್ರಗಳಲ್ಲಿ ಗಾಳಿ, ಮಂಜು, ಮೈಬಣ್ಣಗಳ ಮೆತುವನ್ನು ಸಾಧಿಸಿದ್ದು ಬಹುಮಟ್ಟಿಗೆ ಈ ಬಗೆಯ ಪದರಗಳಿಂದಲೇ. ಇದಕ್ಕೆ ಎದುರಾದದ್ದು 'ಗ್ಲೇಜ್', ಅಂದರೆ ತಿಳಿಯಾದ ತಳದ ಮೇಲೆ ಪಾರದರ್ಶಕವಾದ ಗಾಢ ಬಣ್ಣವನ್ನು ಹರಿಸುವುದು. ಗ್ಲೇಜ್ ಬಣ್ಣಕ್ಕೆ ಆಳವನ್ನೂ ಬಿಸುಪನ್ನೂ ಕೊಡುತ್ತದೆ. ಸ್ಕಂಬ್ಲಿಂಗ್ ತಂಪನ್ನೂ ಮಬ್ಬನ್ನೂ ಕೊಡುತ್ತದೆ. ಗಾಢವಾದ ತಳದ ಮೇಲಿನ ತೆಳುವಾದ ಬಿಳಿಯ ಪದರವು ಬೆಳಕಿನಲ್ಲಿರುವ ನೀಲಿಯ ಅಂಶವನ್ನು ಹೆಚ್ಚಾಗಿ ಚದುರಿಸುವುದೇ ಈ ತಂಪಿಗೆ ಕಾರಣ. ಕೆಂಪು ಮಣ್ಣಿನ ಮೇಲೆ ತೆಳ್ಳಗೆ ಬಳಿದ ಸುಣ್ಣವು ಬರಿಯ ತಿಳಿಗೆಂಪಾಗದೆ, ಒಂದಿಷ್ಟು ನೀಲಿ ಬೆರೆತ ನಸುಗೆಂಪಾಗಿ ತೋರುವುದು ಈ ನಿಯಮದಿಂದಲೇ.

ಈ ತಂತ್ರಕ್ಕೆ ಕನ್ನಡದಲ್ಲಿ ರೂಢವಾದ ಶಾಸ್ತ್ರೀಯ ಪದವಿಲ್ಲ. ಆದರೆ ಬಣ್ಣವನ್ನು ಮೈಗೆ ಹತ್ತಿಸುವ ಕ್ರಿಯೆಗೆ ಕನ್ನಡದಲ್ಲಿ ಕ್ರಿಯಾಪದಗಳ ಒಂದು ಶ್ರೇಣಿಯೇ ಇದೆ. ಮೆತ್ತು, ಬಳಿ, ಹಚ್ಚು, ಸಾರಿಸು, ಸವರು, ತೀಡು ಎಂಬಿವು ಒಂದೇ ಅರ್ಥದ ಪದಗಳಲ್ಲ. ಮೆತ್ತುವುದರಲ್ಲಿ ದಪ್ಪವಿದೆ, ಸಾರಿಸುವುದರಲ್ಲಿ ವಿಸ್ತಾರವಿದೆ, ಸವರುವುದರಲ್ಲಿ ಕೈಯ ಹಗುರವಿದೆ, ತೀಡುವುದರಲ್ಲಿ ನಯವಿದೆ. ಕೈಯ ಒತ್ತಡ ಮತ್ತು ಪದಾರ್ಥದ ಸಾಂದ್ರತೆಗಳನ್ನು ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿ ಹೇಳುವ ಭಾಷೆಯಲ್ಲಿ ಪದರದ ಅರಿವಿಲ್ಲವೆಂದು ಹೇಳಲಾಗದು. ಈ ಹಿನ್ನೆಲೆಯಲ್ಲಿ 'ಸವರುಪದರ' ಎಂಬ ಪದವನ್ನು ಪ್ರಸ್ತುತ ಲೇಖನದಲ್ಲಿ ಬಳಸಲಾಗಿದೆ.

ಶಾಸ್ತ್ರಗ್ರಂಥಗಳಲ್ಲಿಯೂ ಪದರದ ವಿಚಾರ ಬಾರದೆ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಚಿತ್ರಪ್ರಕರಣವು ಗೋಡೆಯನ್ನು ನಯಗೊಳಿಸುವ, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತಯಾರಿಸುವ, ಅದನ್ನು ಬಿಳಿಮಣ್ಣಿನೊಡನೆ ಬೆರೆಸಿ ಮೇಲಿಂದ ಮೇಲೆ ಬಳಿಯುವ ಕ್ರಮವನ್ನು ವಿವರಿಸುತ್ತದೆ. 'ವಿಷ್ಣುಧರ್ಮೋತ್ತರ'ದ ಚಿತ್ರಸೂತ್ರವು ವರ್ತನೆಯನ್ನು, ಅಂದರೆ ಛಾಯೆಯನ್ನು ತರುವ ವಿಧಾನವನ್ನು, ಪತ್ರಜ, ಐರಿಕ, ಬಿಂದುಜ ಎಂದು ಮೂರಾಗಿ ವಿಂಗಡಿಸುತ್ತದೆ. ಬಿಂದುಗಳನ್ನು ಒತ್ತೊತ್ತಾಗಿ ಇಟ್ಟು ಬಣ್ಣವನ್ನು ಮೃದುಗೊಳಿಸುವ ಬಿಂದುಜವು ಹರಿದ ಪದರದ ತತ್ತ್ವಕ್ಕೆ ಹತ್ತಿರವಾದದ್ದು. ಎರಡರಲ್ಲಿಯೂ ಬಣ್ಣಗಳು ಬೆರೆಯುವುದು ಬಟ್ಟಲಿನಲ್ಲಲ್ಲ, ಕಣ್ಣಿನಲ್ಲಿ.

ಇಲ್ಲೊಂದು ಎಚ್ಚರ ಅಗತ್ಯ. ಬಣ್ಣವನ್ನು ಮೃದುಗೊಳಿಸುವ ಎಲ್ಲ ವಿಧಾನಗಳೂ ಸವರುಪದರಗಳಲ್ಲ. ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ. ವೆಂಕಟಪ್ಪನವರ (1886-1965) ಜಲವರ್ಣಗಳಲ್ಲಿ ಕಾಣುವ ಮೃದುತ್ವದ ಹಿಂದೆ ಇರುವುದು ಬಂಗಾಳ ಶೈಲಿಯ 'ವಾಶ್' ತಂತ್ರದ ಶಿಕ್ಷಣ. ಅಲ್ಲಿ ಕಾಗದವನ್ನು ನೀರಿನಲ್ಲಿ ನೆನೆಸುತ್ತ ಪಾರದರ್ಶಕ ಬಣ್ಣವನ್ನು ಹಂತಹಂತವಾಗಿ ಇಳಿಸಲಾಗುತ್ತದೆ. ಪದರ ಹರಿಯುವುದಿಲ್ಲ, ಇಂಗುತ್ತದೆ. ಗೋಡೆಯ ಸುಣ್ಣವಾದರೋ ಇಂಗುವುದರ ಜೊತೆಗೆ ಮೇಲೆಯೂ ನಿಲ್ಲುತ್ತದೆ. ಸಾಮ್ಯಗಳನ್ನು ಆತುರದಿಂದ ಸಾರಿದರೆ ಜಾನಪದಕ್ಕೆ ಗೌರವ ಬರುವುದಿಲ್ಲ. ವ್ಯತ್ಯಾಸಗಳನ್ನು ಗುರುತಿಸಿದಾಗ ಮಾತ್ರ ಅದರ ಅನನ್ಯತೆ ಸ್ಪಷ್ಟವಾಗುತ್ತದೆ.

ಸೀಮೆಯ ನೆಲ, ಗೋಡೆ ಮತ್ತು ಸುಣ್ಣ

ರಾಯಚೂರು ಸೀಮೆಯು ಎರೆಭೂಮಿ, ಮಸಾರಿ ಮತ್ತು ಬೆಣಚುಕಲ್ಲಿನ ಗುಡ್ಡಗಳ ನಾಡು. ಕಲ್ಲು ಮಣ್ಣುಗಳಿಂದ ಕಟ್ಟಿದ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಇದು ಇಲ್ಲಿನ ಸಾಂಪ್ರದಾಯಿಕ ಮನೆಯ ಸ್ವರೂಪ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವ ಈ ನೆಲದಲ್ಲಿ ಬಿಸಿಲಿನ ಪ್ರಖರತೆಯನ್ನು ಬಿಟ್ಟು ಬಣ್ಣದ ವಿಚಾರ ಮಾಡುವಂತಿಲ್ಲ. ಸಪಾಟಾದ ಅಚ್ಚ ಬಿಳಿಯ ಮೈಯು ಈ ಬೆಳಕಿನಲ್ಲಿ ಕಣ್ಣು ಕುಕ್ಕುತ್ತದೆ. ಮಣ್ಣಿನ ಏರುತಗ್ಗುಗಳ ಮೇಲೆ ಹರಿದು ನಿಂತ ಸುಣ್ಣವು ಬೆಳಕನ್ನು ಒಡೆದು ಹಂಚುತ್ತದೆ.

ಎರೆಮಣ್ಣಿನಲ್ಲಿ ಗಂಟುಗಂಟಾಗಿ ದೊರೆಯುವ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ಸುಟ್ಟದ್ದನ್ನು ನೀರಿನಲ್ಲಿ ಅರಳಿಸಿ, ಸೋಸಿ ತೆಳುವಾಗಿಸಿದಾಗ ಗೋಡೆಯ ಸುಣ್ಣ ಸಿದ್ಧವಾಗುತ್ತದೆ. ಇದನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದ ಸುಣಗಾರ ಸಮುದಾಯದ ಹೆಸರಿನಲ್ಲಿಯೇ ಈ ಪದಾರ್ಥದ ಚರಿತ್ರೆ ಅಡಗಿದೆ. ಹಿಡಿತಕ್ಕಾಗಿ ಗಂಜಿಯನ್ನೋ ಅಂಟನ್ನೋ ಬೆರೆಸುವುದು, ಬಿಳುಪಿನ ಹಳದಿಛಾಯೆಯನ್ನು ತಗ್ಗಿಸಲು ಚಿಟಿಕೆ ನೀಲಿ ಸೇರಿಸುವುದು, ಜಜ್ಜಿದ ನಾರನ್ನು ಕಟ್ಟಿ ಕುಂಚ ಮಾಡಿಕೊಳ್ಳುವುದು ವ್ಯಾಪಕವಾದ ರೂಢಿಗಳು. ಕೆಂಪು ಬಣ್ಣಕ್ಕೆ ಕೆಮ್ಮಣ್ಣು, ಜಾಜು, ಹುರಮಂಜುಗಳು ಒದಗುತ್ತವೆ. ಸುಣ್ಣದ ಕ್ಷಾರಗುಣಕ್ಕೆ ಅನೇಕ ಸಸ್ಯಜನ್ಯ ಬಣ್ಣಗಳು ಕೆಡುತ್ತವೆ, ಮಣ್ಣಿನ ಬಣ್ಣಗಳು ಕೆಡುವುದಿಲ್ಲ. ಆದ್ದರಿಂದ ಗೋಡೆಯ ವರ್ಣಸಂಪತ್ತು ಕಿರಿದಾಗಿರುವುದನ್ನು ಕಲ್ಪನೆಯ ಬಡತನವೆಂದು ಭಾವಿಸಲಾಗದು. ಅದು ಪದಾರ್ಥಗಳ ಪರಸ್ಪರ ಸ್ವಭಾವವನ್ನು ಅರಿತ ಆಯ್ಕೆ.

ಸುಣ್ಣದ ಎರಡು ಗುಣಗಳು ಈ ಚರ್ಚೆಗೆ ಮುಖ್ಯವಾಗುತ್ತವೆ. ಮೊದಲನೆಯದಾಗಿ, ಹಸಿಯಾಗಿರುವಾಗ ಸುಣ್ಣದ ನೀರು ಬಹುಮಟ್ಟಿಗೆ ಪಾರದರ್ಶಕವಾಗಿರುತ್ತದೆ. ಒಣಗುತ್ತ ಹೋದಂತೆ ಅದು ಬಿಳಿಯಾಗಿ ಮೇಲೇಳುತ್ತದೆ; ಅನಂತರ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಹಾಗಾಗಿ ಬಳಿಯುವ ಹೊತ್ತಿನಲ್ಲಿ ಫಲಿತಾಂಶ ಕಣ್ಣಿಗೆ ಕಾಣದು. ಎಷ್ಟು ನೀರು, ಎಷ್ಟು ಒತ್ತಡ, ಯಾವ ಎಡೆಯಲ್ಲಿ ಎಷ್ಟು ಬಿಡಬೇಕು ಎಂಬುದನ್ನು ಕೈ ಮುಂಚಿತವಾಗಿಯೇ ತಿಳಿದಿರಬೇಕಾಗುತ್ತದೆ. ತೈಲವರ್ಣದ ಕಲಾವಿದನು ಎಳೆದ ಪದರವನ್ನು ಆಗಲೇ ನೋಡಿ ತಿದ್ದಬಲ್ಲ. ಸುಣ್ಣ ಬಳಿಯುವವರಿಗೆ ಆ ಅನುಕೂಲವಿಲ್ಲ. ಎರಡನೆಯದಾಗಿ, ಸುಣ್ಣವನ್ನು ದಪ್ಪವಾಗಿ ಬಳಿದರೆ ಬಿರಿದು ಹಕ್ಕಳೆಯಾಗಿ ಉದುರುತ್ತದೆ. ತೆಳುವಾಗಿ, ಹಲವು ಸಲ ಬಳಿದರೆ ಮಾತ್ರ ನಿಲ್ಲುತ್ತದೆ. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗಿ ಕೈಗೆ ಹತ್ತುತ್ತದೆ. ಮಳೆಗಾಲ ಕಳೆದ ಮೇಲೆ, ಗೋಡೆಯಲ್ಲಿ ತುಸು ತೇವವಿರುವಾಗ ಬರುವ ದಸರಾ ದೀಪಾವಳಿಗಳ ಕಾಲವು ಈ ಕೆಲಸಕ್ಕೆ ಹೇಳಿಸಿದ್ದಾಗಿದೆ. ಆಚರಣೆಯ ಪಂಚಾಂಗವೂ ಪದಾರ್ಥದ ಪಂಚಾಂಗವೂ ಇಲ್ಲಿ ಒಂದನ್ನೊಂದು ಸಂಧಿಸುತ್ತವೆ.

ಪ್ರತಿವರ್ಷದ ಸುಣ್ಣವು ಹಿಂದಿನ ವರ್ಷದ ಕಾರಣೆಯ ಮೇಲೆ ಹರಿಯುತ್ತದೆ. ತೆಳುವಾದ ಒಂದು ಕೈ ಸುಣ್ಣವು ಕೆಮ್ಮಣ್ಣಿನ ಪಟ್ಟಿಯನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ. ಹಳೆಯ ಕೆಂಪು ನಸುಗೆಂಪಿನ ನೆರಳಾಗಿ ಉಳಿಯುತ್ತದೆ, ಅದರ ಪಕ್ಕದಲ್ಲಿ ಅಥವಾ ಅದರ ಮೇಲೆಯೇ ಹೊಸ ಕೆಂಪು ಬರುತ್ತದೆ. ಹೊಸ ಗೆರೆಯ ಗಾಢತೆಗೆ ಹಳೆಯ ಗೆರೆಯ ಮಬ್ಬು ಹಿನ್ನೆಲೆಯಾಗುತ್ತದೆ. ರಾಯಚೂರು ನಗರದ ಹಳೆಯ ಓಣಿಗಳಲ್ಲಿ ಒಡೆದ ಗೋಡೆಯೊಂದರ ಅಂಚನ್ನು ಗಮನಿಸಿದರೆ ಬಿಳಿ, ನೀಲಿ, ಕೆಂಪುಗಳ ಪದರಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಗೋಡೆಯ ಮೃದುತ್ವವು ಒಂದು ದಿನದ ಕೆಲಸದಿಂದ ಬಂದದ್ದಲ್ಲ, ಹಲವು ಹಬ್ಬಗಳ ಮೊತ್ತದಿಂದ ಬಂದದ್ದು.

ವಿಮರ್ಶೆಯ ಕಣ್ಣಿಗೆ ಬಿದ್ದದ್ದು, ಬೀಳದ್ದು

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಬೃಹತ್ ಶಿಲೆಯೊಂದಿದೆ. ಅಂತಹ ಬಂಡೆಯನ್ನು ಬಂಡಿಯ ಮೇಲೆ ಸಾಗಿಸಿ ತಂದ ಬಗೆಯನ್ನು ರೇಖೆಗಳಲ್ಲಿ ಕೊರೆದ ಚಿತ್ರವೂ ಅಲ್ಲಿಯೇ ಇದೆ. ಏಳು ಶತಮಾನಗಳ ನಂತರವೂ ಆ ರೇಖೆ ಓದಲು ಸಿಗುತ್ತದೆ. ಆ ಕಾಲದ ಮನೆಗಳ ಗೋಡೆಗಳಿಗೆ ಬಳಿದ ಲೇಪಗಳು ಸಿಗುವುದಿಲ್ಲ. ರೇಖೆ ಉಳಿಯುತ್ತದೆ, ಲೇಪ ಅಳಿಯುತ್ತದೆ. ಉಳಿದದ್ದನ್ನು ಆಧರಿಸಿಯೇ ಚರಿತ್ರೆ ರಚನೆಯಾಗುವುದರಿಂದ ಚಿತ್ರವೆಂದರೆ ರೇಖೆ ಎಂಬ ಗ್ರಹಿಕೆ ಬಲವಾಗಿ ಬೇರೂರಿದೆ.

ಪದರಗಳು ಉಳಿದಿರುವ ಕಡೆಯಲ್ಲಿಯೂ ಅವುಗಳನ್ನು ನೋಡಿದ ರೀತಿ ಬೇರೆಯಾಗಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಸಮೀಪದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿ 1960ರಲ್ಲಿ ವರದಿಯನ್ನು ಪ್ರಕಟಿಸಿದ ಎಫ್. ಆರ್. ಆಲ್ಚಿನ್ ಅವರ ಅಧ್ಯಯನವು ಈ ಸೀಮೆಯ ಬಂಡೆಚಿತ್ರಗಳನ್ನು ವಿದ್ವತ್ ಲೋಕದ ಗಮನಕ್ಕೆ ತಂದ ಮಹತ್ವದ ಕೆಲಸ. ಒಂದು ಚಿತ್ರದ ಮೇಲೆ ಇನ್ನೊಂದು ಬಂದಿರುವುದು ಬಂಡೆಚಿತ್ರಗಳ ಅಧ್ಯಯನದಲ್ಲಿ ಕಾಲಾನುಕ್ರಮವನ್ನು ನಿರ್ಣಯಿಸುವ ಸಾಧನ. ಪುರಾತತ್ತ್ವಕ್ಕೆ ಅದು ಸಹಜವಾದ ವಿಧಾನವೇ ಸರಿ. ಆದರೆ ಅದೇ ದೃಷ್ಟಿ ಕಲಾವಿಮರ್ಶೆಗೂ ಮುಂದುವರಿದು, ಮೇಲಿನ ಚಿತ್ರ ಯಾವುದು, ಕೆಳಗಿನದು ಯಾವುದು ಎಂಬ ಪ್ರಶ್ನೆಯಲ್ಲಿಯೇ ಪದರದ ವಿಚಾರ ಮುಗಿದುಹೋಗಬಾರದು. ಕೆಳಗಿನದು ಕಾಣುತ್ತಿರುವಾಗಲೇ ಮೇಲಿನದನ್ನು ಬರೆದವರ ಕಣ್ಣಿಗೆ ಏನು ಕಂಡಿತು ಎಂಬುದು ವಿಮರ್ಶೆಯ ಪ್ರಶ್ನೆ.

ಕರ್ನಾಟಕದ ಗೋಡೆಕಲೆಗಳಲ್ಲಿ ಹೆಚ್ಚು ಪ್ರಸಿದ್ಧಿಗೆ ಬಂದವು ಯಾವುವೆಂಬುದನ್ನು ಗಮನಿಸಿದರೂ ಇದೇ ಒಲವು ಗೋಚರಿಸುತ್ತದೆ. ಮಲೆನಾಡಿನ ದೀವರ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಗೆರೆಗಳ ಖಚಿತವಾದ ಜ್ಯಾಮಿತಿ ಇದೆ. ಕೃಷ್ಣಾನಂದ ಕಾಮತರು ಶ್ರದ್ಧೆಯಿಂದ ದಾಖಲಿಸಿದ ಕರಾವಳಿಯ ಕಾವಿಕಲೆಯಲ್ಲಿ ಕೆಂಪು ಲೇಪವನ್ನು ಕೆರೆದು ಕೆಳಗಿನ ಬಿಳಿಯನ್ನು ಹೊರತರಲಾಗುತ್ತದೆ. ಅಲ್ಲಿ ಎರಡು ಪದರಗಳಿದ್ದರೂ ಅವುಗಳ ಗಡಿ ನಿಚ್ಚಳವಾಗಿದೆ. 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ, ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆಬೀಜದ ಅಂಟು, ಬಟ್ಟೆ, ಬಿಳಿಕಲ್ಲಿನ ಪುಡಿಗಳ ಲೇಪಗಳನ್ನು ಕೊಟ್ಟು, ತವರದಿಂದ ತಯಾರಿಸಿದ ಲಾಜವಾರದ ಹೊಳಪನ್ನು ತರುತ್ತಾರೆ. ಪದರಗಳ ಜ್ಞಾನದಲ್ಲಿ ಅವರನ್ನು ಮೀರಿಸಿದವರು ವಿರಳ. ಆದರೆ ಅಲ್ಲಿ ಕೆಳಗಿನ ಪದರವು ಮೇಲಿನದಕ್ಕೆ ಆಧಾರವಾಗಿ ಅಡಗಿರುತ್ತದೆ, ಇಣುಕುವುದಿಲ್ಲ. ಖಚಿತವಾದ ಅಂಚು ಅಥವಾ ತುಂಬುಹೊಳಪು ಇರುವ ಕಲೆಗಳು ಛಾಯಾಚಿತ್ರಕ್ಕೂ ಪ್ರದರ್ಶನಕ್ಕೂ ಸುಲಭವಾಗಿ ಒದಗುತ್ತವೆ. ಮಬ್ಬನ್ನೇ ಗುಣವಾಗಿ ಉಳ್ಳ ಗೋಡೆಯು ಮುದ್ರಿತ ಪುಟದಲ್ಲಿ ಮಾಸಲು ಚಿತ್ರವಾಗಿ ಬರುತ್ತದೆ. ಹೀಗಾಗಿ ದಾಖಲೀಕರಣದ ಸಲಕರಣೆಗಳೇ ವಿಮರ್ಶೆಯ ಅಭಿರುಚಿಯನ್ನು ರೂಪಿಸಿವೆ.

ಎರಡು ಆಕ್ಷೇಪಗಳು

ಈ ವಾದಕ್ಕೆ ಎರಡು ಆಕ್ಷೇಪಗಳು ಸಾಧ್ಯ, ಎರಡೂ ಗಂಭೀರವಾದವು. ಮಳೆಗೆ ತೊಳೆದು, ದನಕರುಗಳು ಮೈಯುಜ್ಜಿ, ಒಲೆಯ ಹೊಗೆ ಕುಳಿತು ಮಾಸಿದ ಬಣ್ಣಕ್ಕೆ ತಂತ್ರವೆಂಬ ಹೆಸರಿಡುವುದು ಉದ್ದೇಶವಿಲ್ಲದ ಕಡೆ ಉದ್ದೇಶವನ್ನು ಆರೋಪಿಸಿದಂತಲ್ಲವೇ ಎಂಬುದು ಮೊದಲನೆಯದು. ಸವೆತ ಬೇರೆ, ಸವರಿಕೆ ಬೇರೆ ಎಂಬುದನ್ನು ಒಪ್ಪಲೇಬೇಕು. ಇವನ್ನು ಬೇರ್ಪಡಿಸುವ ಲಕ್ಷಣಗಳೂ ಗೋಡೆಯಲ್ಲಿಯೇ ಇವೆ. ಸವೆತವು ಅಡಿಪಟ್ಟಿ, ಮೂಲೆ, ಬಾಗಿಲ ಪಕ್ಕಗಳಲ್ಲಿ ಒಟ್ಟಾಗಿ ಕಾಣುತ್ತದೆ. ಸವರುಪದರವು ಕೈ ಚಾಚುವಷ್ಟು ದೂರದ ಬೀಸುಗಳಲ್ಲಿ, ಕುಂಚದ ದಿಕ್ಕನ್ನು ಅನುಸರಿಸಿ ಹರಡಿರುತ್ತದೆ. ಸವೆದ ಎಡೆಯಲ್ಲಿ ಮೇಲಿನ ಪದರವು ಕಿತ್ತು ಹೋಗಿರುತ್ತದೆ. ಸವರಿದ ಎಡೆಯಲ್ಲಿ ಅದು ತೆಳುವಾಗಿ ಮುಗಿದಿರುತ್ತದೆ. ಅಲ್ಲದೆ, ಮತ್ತೆ ಬಳಿಯುವವರು ಹಿಂದಿನ ಸವೆತವನ್ನು ನೋಡಿ, ಅದನ್ನು ಎಷ್ಟು ಉಳಿಸಬೇಕು, ಎಷ್ಟು ಮುಚ್ಚಬೇಕು ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನದ ಗಳಿಗೆಯಲ್ಲಿ ಆಕಸ್ಮಿಕವು ಕಲೆಯೊಳಗೆ ಬರುತ್ತದೆ. ಜನಪದ ಗೀತೆಯ ಪಾಠಾಂತರಗಳಲ್ಲಿ ಮರೆವನ್ನೂ ಮಾರ್ಪಾಟನ್ನೂ ಸೃಜನಶೀಲ ಅಂಶಗಳೆಂದು ಒಪ್ಪಿರುವ ಜಾನಪದ ಅಧ್ಯಯನವು ಗೋಡೆಯ ವಿಷಯದಲ್ಲಿ ಮಾತ್ರ ಏಕಕರ್ತೃವಿನ ಉದ್ದೇಶವನ್ನು ಕೇಳುವುದು ಸುಸಂಗತವಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ತೀಕ್ಷ್ಣವಾದದ್ದು. ಪ್ರತಿವರ್ಷ ಸಾರಿಸುವ ಶ್ರಮ ಬಹುಮಟ್ಟಿಗೆ ಹೆಂಗಸರದು. ಸುಣ್ಣ ಸುಡುವ ಶ್ರಮ ಜಾತಿಯ ಏಣಿಯಲ್ಲಿ ಕೆಳಗೆ ಇರಿಸಲ್ಪಟ್ಟವರದು. ಸುಣ್ಣವು ಕೈಯ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣಿಗೇ ಅಪಾಯ. ಹಲವು ವರ್ಷ ಬಾಳುವ ಅಂಗಡಿಯ ಬಣ್ಣವನ್ನು ಆ ಮನೆಗಳವರು ಆರಿಸಿಕೊಂಡರೆ ಅದನ್ನು ಪರಂಪರೆಯ ದ್ರೋಹವೆಂದು ಬಗೆಯುವ ಅಧಿಕಾರ ಸಂಶೋಧಕರಿಗಿಲ್ಲ. ಸಾರಣೆಯ ಸೌಂದರ್ಯವನ್ನು ಹೊಗಳುವ ಭರದಲ್ಲಿ ಸಾರಣೆಯ ದಣಿವನ್ನು ಮರೆಯುವುದು ವಿಮರ್ಶೆಯ ಅಪ್ರಾಮಾಣಿಕತೆಯಾಗುತ್ತದೆ. ಆದರೆ ಈ ಆಕ್ಷೇಪದಿಂದ ಹೊರಡುವ ತೀರ್ಮಾನವು ಮೌನವಲ್ಲ. ಈ ಕೆಲಸವನ್ನು ಕೇವಲ ಶ್ರಮವೆಂದು ಎಣಿಸಿ ಅದರೊಳಗಿನ ಜ್ಞಾನವನ್ನು ಲೆಕ್ಕಕ್ಕೆ ಹಿಡಿಯದಿರುವುದೂ ಅದೇ ಅಸಮಾನತೆಯ ಇನ್ನೊಂದು ಮುಖ. ಮಾನ್ವಿ ತಾಲ್ಲೂಕಿನ ಬೆಟ್ಟದೂರಿನ ಶಂಕರಗೌಡರಂತಹ ಚಿತ್ರಕಲಾವಿದರ ಹೆಸರು ಈ ಸೀಮೆಯ ಕಲಾಚರಿತ್ರೆಯಲ್ಲಿ ಸೇರಿದೆ, ಸೇರಬೇಕಾದದ್ದೇ. ಅದೇ ನೆಲದಲ್ಲಿ ಬಣ್ಣದ ಪದರಗಳೊಡನೆ ಬದುಕು ಸವೆಸಿದ ಹೆಂಗಸರ ಅರಿವಿಗೆ ಆ ಚರಿತ್ರೆಯಲ್ಲಿ ಒಂದು ಪುಟವೂ ಇಲ್ಲದಿರುವುದು ಕೊರತೆಯೇ ಸರಿ.

ಪದರ ಕಳಚಿದ ಗೋಡೆ

ಗೋಡೆಯೇ ಇಲ್ಲವಾಗುವುದು ಈ ಕಲೆ ಎದುರಿಸಿದ ಅತಿ ದೊಡ್ಡ ಆಘಾತ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ಮತ್ತು ಪ್ರವಾಹಕ್ಕೆ ರಾಯಚೂರು ಜಿಲ್ಲೆಯಲ್ಲಿಯೂ ಮಣ್ಣಿನ ಮನೆಗಳು ಅಪಾರ ಸಂಖ್ಯೆಯಲ್ಲಿ ಕುಸಿದವು. ಅನಂತರ 'ಆಸರೆ' ಯೋಜನೆಯಡಿ ಹೊಸ ಬಡಾವಣೆಗಳಲ್ಲಿ ಸಿಮೆಂಟಿನ ಮನೆಗಳು ಎದ್ದವು. ಜೀವ ಮತ್ತು ಸೂರಿನ ಪ್ರಶ್ನೆಯ ಮುಂದೆ ಬಣ್ಣದ ಪ್ರಶ್ನೆ ಚಿಕ್ಕದು, ನಿಜ. ಆದರೆ ಮಣ್ಣಿನ ಗೋಡೆಯೊಡನೆ ಅದರ ಮೇಲಿನ ಹತ್ತಾರು ವರ್ಷಗಳ ಪದರಗಳೂ ನೀರುಪಾಲಾದವು ಎಂಬುದು ಯಾವ ವರದಿಯ ನಷ್ಟದ ಪಟ್ಟಿಯಲ್ಲಿಯೂ ಬರುವಂಥದ್ದಲ್ಲ. ಆದ್ದರಿಂದ ಅದನ್ನು ದಾಖಲಿಸುವ ಹೊಣೆ ಜಾನಪದಕ್ಕೆ ಸೇರುತ್ತದೆ.

ಉಳಿದಿರುವ ಮಣ್ಣಿನ ಗೋಡೆಗಳ ಮೇಲೆ ಎನಾಮೆಲ್, ಎಮಲ್ಷನ್ ಬಣ್ಣಗಳು ಬಂದಾಗ ಆಗುವ ಬದಲಾವಣೆ ಕೇವಲ ನೋಟದ್ದಲ್ಲ. ಸುಣ್ಣದ ಪದರವು ಗೋಡೆಯ ತೇವವನ್ನು ಹೊರಬಿಡುತ್ತದೆ. ಪ್ಲಾಸ್ಟಿಕ್ ಪೊರೆಯಂತಹ ಬಣ್ಣವು ತೇವವನ್ನು ಒಳಗೇ ಹಿಡಿದು, ಕೊನೆಗೆ ಗುಳ್ಳೆಯೆದ್ದು, ಮಣ್ಣನ್ನೂ ಹೊತ್ತುಕೊಂಡು ಉದುರುತ್ತದೆ. ಸುಣ್ಣ ಹಳತಾಗುವುದರಲ್ಲಿ ಒಂದು ಕ್ರಮವಿದೆ. ಎನಾಮೆಲ್ ಹಳತಾಗುವುದಿಲ್ಲ, ಹಾಳಾಗುತ್ತದೆ.

ಪುನರುಜ್ಜೀವನದ ಹೆಸರಿನಲ್ಲಿ ನಡೆಯುವ ಕೆಲಸಗಳನ್ನೂ ಇದೇ ಮಾನದಂಡದಿಂದ ನೋಡಬೇಕಾಗಿದೆ. ಸರ್ಕಾರಿ ಶಾಲೆ, ಕಚೇರಿಗಳ ಗೋಡೆಗಳ ಮೇಲೆ ಸಪಾಟಾದ ಕೆಂಪು ಎಮಲ್ಷನ್ ಬಳಿದು, ಬಿಳಿಯ ಬಣ್ಣದಿಂದ ವಾರ್ಲಿ ಮಾದರಿಯ ಆಕೃತಿಗಳನ್ನು ಬರೆಯುವುದು ನಾಡಿನಾದ್ಯಂತ ರೂಢಿಯಾಗಿದೆ. ಮಹಾರಾಷ್ಟ್ರದ ಆದಿವಾಸಿ ಸಮುದಾಯವೊಂದರ ಆಶಯವು ಇಲ್ಲಿಗೆ ಬಂದದ್ದು ತಪ್ಪಲ್ಲ, ಜಾನಪದವು ಎಂದೂ ಗಡಿಗಳನ್ನು ಕೇಳಿಲ್ಲ. ಕೊರತೆ ಇರುವುದು ಬೇರೆಡೆ. ಆಕೃತಿಯನ್ನು ಎತ್ತಿಕೊಂಡು ಪದರವನ್ನು ಬಿಟ್ಟು ಬಂದಾಗ ಕಾರಣೆ ಉಳಿದು ಸಾರಣೆ ಕಳೆದುಹೋಗುತ್ತದೆ. ಹಳೆಯ ದೇಗುಲಗಳ ಸಂರಕ್ಷಣೆಯಲ್ಲಿ ತಲೆಮಾರುಗಳ ಸುಣ್ಣವನ್ನು ಕೆರೆದು ಶಿಲೆಯನ್ನು 'ಮೂಲಸ್ಥಿತಿ'ಗೆ ತರುವುದು ಬಹುಕಾಲದಿಂದ ನಡೆದುಬಂದಿದೆ. ಶಿಲ್ಪದ ಸೂಕ್ಷ್ಮಗಳು ಬೆಳಕಿಗೆ ಬರುವುದು ಅದರ ಲಾಭ. ಆದರೆ ಆ ಸುಣ್ಣವು ಕಟ್ಟಿದವರ ಕಾಲದ್ದಲ್ಲದಿದ್ದರೂ ಪೂಜಿಸಿದವರ ಕಾಲದ್ದು. ಕೆರೆಯುವ ಮುನ್ನ ಆ ಪದರಗಳನ್ನು ಎಣಿಸಿ, ಮಾದರಿ ತೆಗೆದು, ಬಣ್ಣಗಳನ್ನು ಗುರುತಿಸಿಡುವುದು ಅಸಾಧ್ಯವಾದ ಕೆಲಸವೇನಲ್ಲ.

ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ರಾಯಚೂರು ಸೀಮೆಯ ಗೋಡೆಬಣ್ಣಗಳ ಮೃದುತ್ವವು ಬಡತನದ ಅಥವಾ ಅಜಾಗ್ರತೆಯ ಗುರುತಲ್ಲ. ಸುಣ್ಣದ ಸ್ವಭಾವ, ಮಣ್ಣಿನ ಮೈ, ಬಿಸಿಲಿನ ಪ್ರಖರತೆ, ಹಬ್ಬದ ಪುನರಾವರ್ತನೆ ಮತ್ತು ಕೈಯ ಅನುಭವ ಇವು ಕೂಡಿ ರೂಪಿಸಿದ ಒಂದು ಕಲಾಗುಣವದು. ಅದನ್ನು ತೈಲವರ್ಣದ ತಂತ್ರದೊಡನೆ ಹೋಲಿಸುವುದು ಅದಕ್ಕೆ ಹೊರಗಿನಿಂದ ಮನ್ನಣೆ ತಂದುಕೊಡಲು ಅಲ್ಲ. ಒಂದೇ ಗುಣಕ್ಕೆ ಒಂದೆಡೆ ಕೌಶಲವೆಂದೂ ಇನ್ನೊಂದೆಡೆ ಕೊಳೆಯೆಂದೂ ಹೆಸರಿಡುವ ಅಭ್ಯಾಸವನ್ನು ಪ್ರಶ್ನಿಸಲು.

ಮುಂದಿನ ದಾಖಲೀಕರಣವು ಆಶಯಗಳ ನಕಲಿನೊಂದಿಗೆ ಪದರಗಳ ವಿವರವನ್ನೂ ಒಳಗೊಳ್ಳಬೇಕು. ಯಾವ ಸುಣ್ಣ, ಎಷ್ಟು ನೀರು, ಯಾವ ನಾರಿನ ಕುಂಚ, ಎಷ್ಟು ಕೈ, ಯಾವ ತಿಂಗಳು, ಬಳಿದವರು ಯಾರು ಎಂಬ ಪ್ರಶ್ನೆಗಳು ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಸೇರಬೇಕು. ಗೋಡೆಯನ್ನು ಎದುರಿನಿಂದ ಮಾತ್ರವಲ್ಲದೆ ಓರೆಬೆಳಕಿನಲ್ಲಿಯೂ, ಒಂದೇ ಗೋಡೆಯನ್ನು ಹಲವು ವರ್ಷಗಳ ಅಂತರದಲ್ಲಿಯೂ ಚಿತ್ರೀಕರಿಸಬೇಕು. ಬಳಿದವರ ಮಾತುಗಳಲ್ಲಿ ಸುಳಿಯುವ ಕ್ರಿಯಾಪದಗಳನ್ನು ಪದಕೋಶಕ್ಕೆ ತರಬೇಕು. ಸುಣ್ಣ ಕಲಸುವ ಕೈಗಳು ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿ ಇನ್ನೂ ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ. ಗೆರೆಯನ್ನು ಚಿತ್ರದಿಂದ ಕಲಿಯಬಹುದು; ಸವರುವ ಹದವನ್ನು ಕಲಿಯಲು ಸವರುವ ಕೈಯೇ ಬೇಕು. ಸಾರಣೆಯಿಲ್ಲದ ಕಾರಣೆಗೆ ನಿಲ್ಲಲು ನೆಲೆಯಿಲ್ಲವೆಂಬುದನ್ನು ಆ ಜೋಡುಪದವು ಬಹು ಹಿಂದೆಯೇ ಹೇಳಿದೆ.